ಮೂರನೇ ಕ್ರಾಸಿನ ನೀರಿನ ಸುದ್ದಿ

ಗೋಪಾಲಮ್ಮನ ಮೇಲೆ ತನಗೆ ಹೊಟ್ಟೆಕಿಚ್ಚು ಹುಟ್ಟಿದ ದಿನವನ್ನು ರಾಧಾಮಣಿ ತಾರೀಖು ಸಮೇತ ಹೇಳುತ್ತಾಳೆ. ಎರಡು ಸಾವಿರದ ಒಂಬತ್ತನೇ ಇಸವಿ, ಏಪ್ರಿಲ್ ಇಪ್ಪತ್ತಾರು, ಭಾನುವಾರ. ಅವತ್ತು ಅವಳ ಮಗಳ ನಾಮಕರಣ. ಯಶವಂತಪುರದ ತವರಿನಿಂದ ಮೂವತ್ತು ಜನ ಅಬ್ಬಿಗೆರೆಗೆ ಬಂದಿಳಿದಿದ್ದರು. ಗೃಹಪ್ರವೇಶಕ್ಕೆ ತಪ್ಪಿಸಿಕೊಂಡವರೆಲ್ಲ ಈಗ ಮನೆ ನೋಡಲೆಂದೇ ಬಂದಿದ್ದರು. ಗ್ರಾನೈಟಿನ ಮೆಟ್ಟಿಲು ಸವರಿ ನೋಡಿದರು, ಅಡುಗೆಮನೆಯ ಕಪಾಟು ತೆಗೆದು ನೋಡಿದರು, ಕೊನೆಗೆ ಕೈ ತೊಳೆಯಲು ನಲ್ಲಿ ತಿರುಗಿಸಿದರೆ ಒಂದು ತೊಟ್ಟು ನೀರಿಲ್ಲ.

"ಏನೇ ರಾಧಾ, ಸ್ವಂತ ಮನೆ ಸ್ವಂತ ಮನೆ ಅಂತಿದ್ದೆ. ಕೈ ತೊಳ್ಯಕ್ಕೂ ನೀರಿಲ್ವಲ್ಲೇ" ಎಂದಳು ದೊಡ್ಡಮ್ಮನ ಮಗಳು. ಎಲ್ಲರೂ ನಕ್ಕರು.

ನೀರು ಬರಬೇಕಿತ್ತು. ಭಾನುವಾರ ಬೆಳಿಗ್ಗೆ ಬರುತ್ತದೆಂದು ಗೋಪಾಲಮ್ಮನೇ ಹೇಳಿದ್ದಳು.

ಈ ಗೋಪಾಲಮ್ಮ ಯಾರೆಂದು ಹೇಳಬೇಕು. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಅವಳ ಮಾವ ಅಲ್ಲಿಯ ನೀರುಗಂಟಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಎಂದು ತೀರ್ಮಾನಿಸುತ್ತಿದ್ದವರು ಅವರೇ. ಗದ್ದೆಗಳು ಸೈಟುಗಳಾದವು, ಪಂಚಾಯ್ತಿ ಹೋಗಿ ಕಾರ್ಪೊರೇಷನ್ ಬಂತು. ಕೆರೆಯ ಪಕ್ಕ ಬೋರ್‌ವೆಲ್ ಕೊರೆಸಿ ದೊಡ್ಡ ಟ್ಯಾಂಕು ಕಟ್ಟಿದರು. ಆ ಟ್ಯಾಂಕಿನ ನೀರನ್ನು ಒಂದೊಂದು ಕ್ರಾಸಿಗೆ ಸರದಿಯಂತೆ ಬಿಡುವ ವಾಲ್ವಿನ ಕೆಲಸ ಗೋಪಾಲಮ್ಮನ ಗಂಡ ಚಿಕ್ಕಮಾರಯ್ಯನಿಗೆ ಬಂತು. ಹಿಂದೆ ಗದ್ದೆಗೆ ನೀರು ಬಿಡುತ್ತಿದ್ದ ಮನೆಯವರೇ ಈಗ ಮನೆಗಳಿಗೆ ನೀರು ಬಿಡುವವರಾದರು. ನಾಲ್ಕು ದಿನಕ್ಕೋ ಆರು ದಿನಕ್ಕೋ ಒಮ್ಮೆ, ಒಂದು ಗಂಟೆ ಹೊತ್ತು ನೀರು. ಹೊತ್ತು ಇಂಥದೇ ಎಂದಿರಲಿಲ್ಲ. ಬೀದಿಯ ಬಹುಪಾಲು ಮನೆಗಳಲ್ಲಿ ಸಂಪು ಇರಲಿಲ್ಲವಾದ್ದರಿಂದ ಆ ಒಂದು ಗಂಟೆಯಲ್ಲಿ ಯಾರಾದರೂ ಮನೆಯಲ್ಲಿದ್ದು ಡ್ರಮ್ಮು ತುಂಬಿಸಿಕೊಳ್ಳಬೇಕು, ಇಲ್ಲವೆಂದರೆ ಮತ್ತೆ ಐದು ದಿನ ಕಾಯಬೇಕು.

ಚಿಕ್ಕಮಾರಯ್ಯ ಮಾತಾಡುವವನಲ್ಲ. ಮಾತೆಲ್ಲ ಹೆಂಡತಿಯದು. ಮೂರನೇ ಕ್ರಾಸಿನ ಕೊನೆಯಲ್ಲಿ, ದಿಣ್ಣೆಯ ಮೇಲೆ, ಅವರ ಹಳೇ ಹೆಂಚಿನ ಮನೆ. ಅದರ ಜಗಲಿಯಲ್ಲಿ ಗೋಪಾಲಮ್ಮ ಅವರೇಕಾಯಿ ಸುಲಿಯುತ್ತಲೋ ಸೊಪ್ಪು ಸೋಸುತ್ತಲೋ ಕೂತಿರುತ್ತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ, "ಗೋಪಾಲಮ್ಮಾ, ನಮ್ಮ ಕಡೆ ಯಾವಾಗ?" ಎಂದು ಕೇಳುತ್ತಿದ್ದರು. "ನಾಳೆ ಹೊತ್ತಾರೆ ಬತ್ತದೆ ಓಗವ್ವ" ಎನ್ನುತ್ತಿದ್ದಳು. ಅವಳು ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಓದು ಬರಹ ಬಾರದಿದ್ದರೂ ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ನೆಂಟರು, ಎಲ್ಲ ನೆನಪಿಟ್ಟುಕೊಂಡು ಗಂಡನಿಗೆ ಹೇಳುತ್ತಿದ್ದಳು. ನಾನು ಅದೇ ಕ್ರಾಸಿನ ನಡುಮನೆಯವಳು. ನಾನೂ ಆ ಜಗಲಿಗೆ ನೂರಾರು ಸಲ ಹೋಗಿದ್ದೇನೆ.

ಆ ಭಾನುವಾರ ಬೆಳಿಗ್ಗೆ ಎರಡನೇ ಕ್ರಾಸಿನಲ್ಲಿ ಒಂದು ಸಾವಾಯಿತು. ಚಿಕ್ಕಮಾರಯ್ಯ ಆ ಕಡೆಗೆ ನೀರು ತಿರುಗಿಸಿದ. ರಾಧಾಮಣಿಗೆ ಅದು ತಿಳಿದದ್ದು ಸಂಜೆ. ತಿಳಿದ ಮೇಲೂ ಅವಳ ಉರಿ ಇಳಿಯಲಿಲ್ಲ. ಏಕೆಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಗೋಪಾಲಮ್ಮ ಬೆಳ್ಳಿಯ ಉಡಿದಾರ ಹಿಡಿದು ಬಂದಾಗ, ಬೀದಿಯ ಹೆಂಗಸರೆಲ್ಲ ಎದ್ದು ನಿಂತು ಅವಳಿಗೆ ಜಾಗ ಮಾಡಿಕೊಟ್ಟಿದ್ದರು. ನೀರಿಲ್ಲದ ಮನೆಯಲ್ಲಿ, ನೀರು ಕೊಡದವಳಿಗೆ, ಮಗುವಿನ ತೊಟ್ಟಿಲಿನ ಪಕ್ಕದಲ್ಲೇ ಜಾಗ. ಮಗುವಿನ ತಾಯಿಯ ಕಡೆ ಯಾರೂ ನೋಡಲಿಲ್ಲ.

"ನಲವತ್ತೊಂದು ಮನೆ ನೀರಿನ ಸುದ್ದಿ ಒಬ್ಬಳ ಬಾಯಲ್ಲಿ ಯಾಕಿರ್ಬೇಕು?" ಎಂದು ಅವಳು ಗಂಡನ ಮುಂದೆ ಕೂಗಾಡಿದಳು. ಗಂಡ ಸುಬ್ರಮಣಿ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು, ಮಿತಭಾಷಿ. "ನಿಂಗೆ ಬೇಕಾಗಿರೋದು ನೀರಾ, ಆ ಜಗಲಿನಾ?" ಎಂದು ಕೇಳಿದ. ರಾಧಾಮಣಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ರಾಧಾಮಣಿ ಪಿಯುಸಿ ಓದಿದವಳು. ಟೈಪಿಂಗ್ ಸೀನಿಯರ್ ಪಾಸು ಮಾಡಿ, ಜಾಲಹಳ್ಳಿ ಕ್ರಾಸಿನಲ್ಲಿ ಕಂಪ್ಯೂಟರ್ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಳು. ಲಗ್ನಪತ್ರಿಕೆ, ರೇಷನ್ ಕಾರ್ಡಿನ ಅರ್ಜಿ, ಮಕ್ಕಳ ಪ್ರಾಜೆಕ್ಟು, ಎಲ್ಲ ಅವಳ ಕೈಯಲ್ಲಿ ಟೈಪಾಗುತ್ತಿತ್ತು. ಮುಂದಿನ ವರ್ಷ ಒಬ್ಬ ಗಿರಾಕಿಯಿಂದ ಅವಳಿಗೆ ಒಂದು ಸುದ್ದಿ ತಿಳಿಯಿತು. ಮೊಬೈಲಿನಲ್ಲಿ ಗುಂಪು ಮಾಡಿಕೊಂಡು ಒಂದೇ ಮೆಸೇಜನ್ನು ನೂರು ಜನಕ್ಕೆ ಪುಕ್ಕಟೆಯಾಗಿ ಕಳಿಸುವ ಸೇವೆ ಬಂದಿದೆ. ಗುಂಪಿನಲ್ಲಿರುವ ಯಾರು ಬರೆದರೂ ಎಲ್ಲರಿಗೂ ಹೋಗುತ್ತದೆ.

ಅವಳು ಅವತ್ತೇ ಪುಸ್ತಕ ಹಿಡಿದು ಮನೆ ಮನೆಗೆ ಹೊರಟಳು. "ಯಾರ ಮನೆ ನಲ್ಲೀಲಿ ಮೊದ್ಲು ನೀರು ಬರುತ್ತೋ ಅವ್ರು 'ನೀರು ಬಂತು' ಅಂತ ಒಂದು ಮೆಸೇಜ್ ಹಾಕಿ, ಸಾಕು. ಎಲ್ಲರ ಫೋನೂ ಕುಂಯ್ ಅನ್ನುತ್ತೆ. ಇನ್ಮೇಲೆ ಯಾರ ಮನೆ ಬಾಗ್ಲಿಗೂ ಹೋಗಿ ನಿಲ್ಬೇಕಾಗಿಲ್ಲ. ಇದ್ರಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ ಕಣ್ರೀ, ಎಲ್ಲರೂ ಒಂದೇ" ಎಂದಳು ನನಗೆ. ಅವಳ ಕಣ್ಣು ಹೊಳೆಯುತ್ತಿತ್ತು. ಆ ಮಾತು ಅವಳು ಮನಸಾರೆ ಆಡಿದ್ದು. ಒಳಗೆ ಹೊಟ್ಟೆಕಿಚ್ಚಿದ್ದದ್ದೂ ನಿಜ. ನಲವತ್ತು ನಂಬರುಗಳು ಸೇರಿದವು. ಗೋಪಾಲಮ್ಮನ ಮನೆಯಲ್ಲಿ ಮೊಬೈಲ್ ಇರಲಿಲ್ಲ. ದಿಣ್ಣೆಯ ತನಕ ಹೋದ ರಾಧಾಮಣಿ ಆ ಮನೆಯ ಮುಂದೆ ನಿಲ್ಲದೆ ತಿರುಗಿ ಬಂದಳು. ಗಂಡನೇ ವಾಲ್ವು ತಿರುಗಿಸುವವನಾಗಿರುವಾಗ ಅವರಿಗೆ ಮೆಸೇಜು ಯಾಕೆ ಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಸೇವೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಒಂದನೇ ಮನೆಯ ನಲ್ಲಿ ಗೊರಗೊರ ಎಂದ ಕೂಡಲೇ ನಲವತ್ತು ಫೋನುಗಳು ಸದ್ದು ಮಾಡುತ್ತಿದ್ದವು. ಕೆಲಸಕ್ಕೆ ಹೋದ ಹೆಂಗಸರು ಅಲ್ಲಿಂದಲೇ ಪಕ್ಕದ ಮನೆಗೆ ಫೋನು ಮಾಡಿ ಪೈಪು ಹಾಕಿಸಿಕೊಳ್ಳುತ್ತಿದ್ದರು. ಎರಡೇ ತಿಂಗಳಲ್ಲಿ ಜಗಲಿ ಖಾಲಿಯಾಯಿತು. ರಾಧಾಮಣಿ ತರಕಾರಿಗೆ ಹೋಗುವಾಗ ಹತ್ತಿರದ ದಾರಿ ಬಿಟ್ಟು ದಿಣ್ಣೆ ಹತ್ತಿಕೊಂಡು ಹೋಗುತ್ತಿದ್ದಳು. ಒಬ್ಬಳೇ ಕೂತ ಗೋಪಾಲಮ್ಮ, "ಬಾರವ್ವ, ಕುಂತ್ಕೊಂಡು ಓಗು" ಎಂದರೆ, "ಟೈಮಿಲ್ಲ ಗೋಪಾಲಮ್ಮಾ" ಎನ್ನುವುದರಲ್ಲಿ ಅವಳಿಗೊಂದು ಸುಖವಿತ್ತು.

ವರ್ಷ ಕಳೆಯುವುದರೊಳಗೆ ಒಬ್ಬರು ದಿನಕ್ಕೆ ಇಷ್ಟೇ ಮೆಸೇಜು ಕಳಿಸಬಹುದು ಎಂಬ ನಿಯಮ ಬಂತು. ಪುಕ್ಕಟೆ ಸೇವೆ ನಿಂತುಹೋಯಿತು. ರಾಧಾಮಣಿ ಬಿಡಲಿಲ್ಲ. ಎರಡು ಸಿಮ್ಮು ಹಾಕಿಕೊಂಡು, ನೀರು ಬಂದಾಗ ತಾನೇ ಕೂತು ಎಲ್ಲರಿಗೂ ಕಳಿಸತೊಡಗಿದಳು. ನಲ್ಲಿಯಲ್ಲಿ ಮೊದಲು ನೀರು ಕಂಡವರು ಅವಳಿಗೆ ತಿಳಿಸಬೇಕು, ಅವಳು ಮಿಕ್ಕವರಿಗೆ. ಸಂದೇಹವಿದ್ದವರು ಅವಳಿಗೆ ಮಿಸ್ಡ್ ಕಾಲ್ ಕೊಡುವರು, ಹತ್ತಿರದವರು ಅಂಗಡಿಗೇ ಬಂದು, "ರಾಧಕ್ಕಾ, ಇವತ್ತೇನಾದ್ರೂ ಬರುತ್ತಾ?" ಎನ್ನುವರು. ಅವಳು ಅಂಗಡಿಯ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು, ಆಮೇಲೆ ಎರಡು. ಅರಿಶಿನ ಕುಂಕುಮಕ್ಕೆ ಹೋದಲ್ಲಿ ತಾಂಬೂಲ ಮೊದಲು ಅವಳಿಗೆ ಬರತೊಡಗಿತು. ಎಲ್ಲರ ಕೈಯಲ್ಲಿ ಹಂಚಿಹೋಗಬೇಕಾಗಿದ್ದ ಸುದ್ದಿ ದಿಣ್ಣೆಯ ಜಗಲಿಯಿಂದ ಇಳಿದು ತನ್ನ ಮುಂಬಾಗಿಲಲ್ಲಿ ಬಂದು ಕೂತಿದೆ ಎಂಬುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದಳು. "ಆ ಮೂರು ನಾಕು ವರ್ಷ ನಾನು ಭಾಳ ಚೆನ್ನಾಗಿದ್ದೆ ಕಣ್ರೀ" ಎಂದು ಈಗಲೂ ನನ್ನ ಹತ್ತಿರ ಒಪ್ಪಿಕೊಳ್ಳುತ್ತಾಳೆ.

ಎರಡು ಸಾವಿರದ ಹದಿನೈದರಲ್ಲಿ ಎರಡು ಸಂಗತಿ ಆದವು. ಚಿಕ್ಕಮಾರಯ್ಯ ಪಾರ್ಶ್ವವಾಯು ಬಡಿದು ತೀರಿಕೊಂಡ. ಅವನ ಜಾಗಕ್ಕೆ ಬೇರೆ ಕಡೆಯಿಂದ ಒಬ್ಬ ಬಂದ. ಬೈಕಿನಲ್ಲಿ ಬಂದು ವಾಲ್ವು ತಿರುಗಿಸಿ, ಯಾರ ಮುಖವನ್ನೂ ನೋಡದೆ ಹೋಗಿಬಿಡುತ್ತಿದ್ದ. ಇನ್ನೊಂದು, ದಿಣ್ಣೆಯ ಕಡೆ ಒಂದು ಮನೆಯ ಮೊದಲನೇ ಮಹಡಿಗೆ ಅನೀಸಾ ಬಾಡಿಗೆಗೆ ಬಂದಳು. ಆರ್.ಟಿ. ನಗರದ ಹುಡುಗಿ, ಬಿ.ಕಾಂ. ಮಾಡಿದವಳು, ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಗಂಡ ಮುಬಶ್ಶಿರ್ ಜಾಲಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಅಷ್ಟು ಹೊತ್ತಿಗೆ ಬೀದಿಯಲ್ಲಿ ಎಲ್ಲರ ಕೈಗೂ ದೊಡ್ಡ ಫೋನು ಬಂದಾಗಿತ್ತು.

ಒಂದು ದಿನ ಅನೀಸಾ ಝೆರಾಕ್ಸಿಗೆಂದು ಅಂಗಡಿಗೆ ಬಂದವಳು, ಕುರ್ಚಿಯಲ್ಲಿ ಕೂತು ಹೇಳಿದಳು.

"ಅಕ್ಕಾ, ನೀವು ಯಾಕೆ ಒಬ್ಬರೇ ಇಷ್ಟು ಕಷ್ಟ ಪಡ್ತೀರಾ? ವಾಟ್ಸಾಪಲ್ಲಿ ಒಂದು ಗ್ರೂಪ್ ಮಾಡಿದ್ದೀನಿ. ಯಾರು ನೋಡಿದ್ರೂ ಅವ್ರೇ ಹಾಕ್ಬೋದು. ನಿಮ್ಮನ್ನ ಕೇಳೋದೇ ಬೇಡ."

"ಎಲ್ಲರೂ ಸೇರಿದ್ರೆ ಗಲಾಟೆ ಆಗುತ್ತೆ" ಎಂದಳು ರಾಧಾಮಣಿ.

"ಇಲ್ಲ ಅಕ್ಕಾ. ಇದ್ರಲ್ಲಿ ದೊಡ್ಡೋರು ಚಿಕ್ಕೋರು ಯಾರೂ ಇಲ್ಲ. ಎಲ್ಲರೂ ಒಂದೇ."

ರಾಧಾಮಣಿಯ ಕೈ ಝೆರಾಕ್ಸ್ ಮಿಷನ್ನಿನ ಮೇಲೆ ಹಾಗೇ ನಿಂತಿತು. ಐದು ವರ್ಷದ ಹಿಂದೆ ತಾನು ಮನೆ ಮನೆಗೆ ಹೊತ್ತು ತಿರುಗಿದ ಮಾತು. ಆಗ ಅದೆಷ್ಟು ಚೆನ್ನಾಗಿ ಕೇಳಿಸಿತ್ತು! ಈಗ ಆ ಎಳೆ ಹುಡುಗಿಯ ಬಾಯಿಂದ ಬಂದಾಗ ಯಾರೋ ಕುರ್ಚಿ ಎಳೆದ ಹಾಗಾಯಿತು.

ಒಂದೇ ವಾರದಲ್ಲಿ ಬೀದಿಯೆಲ್ಲ ಗುಂಪಿಗೆ ಸೇರಿತು. ಮಿಸ್ಡ್ ಕಾಲುಗಳು ನಿಂತವು. ಕುರ್ಚಿಗಳ ಮೇಲೆ ಧೂಳು ಕೂತಿತು. ಅನೀಸಾ ಒಳ್ಳೆಯ ಹುಡುಗಿ. ರಾಧಾಮಣಿ ಕೇಳದಿದ್ದರೂ ಅವಳನ್ನು ತನ್ನ ಜೊತೆ ಅಡ್ಮಿನ್ ಮಾಡಿದಳು. ಅದರಿಂದ ಉರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ರಾಧಾಮಣಿ ಅಂಗಡಿಯಲ್ಲಿ ಕೂತು ದಿನವಿಡೀ ಆ ಗುಂಪನ್ನೇ ನೋಡುತ್ತಿದ್ದಳು. ತಾನು 'ನೀರು ಬಂತು' ಎಂದು ಹಾಕಿದರೆ ಎಷ್ಟು ಜನ ಕೈಮುಗಿದ ಚಿತ್ರ ಹಾಕಿದರು, ಅನೀಸಾ ಹಾಕಿದರೆ ಎಷ್ಟು ಜನ. ತನಗೆ ನಾಲ್ಕು, ಅವಳಿಗೆ ಹನ್ನೊಂದು. ಹಬ್ಬದ ಶುಭಾಶಯಕ್ಕೂ ಹಾಗೇ. ಯಾರೋ, "ಅನೀಸಾ ಬಂದಮೇಲೆ ನಮ್ಮ ಬೀದಿ ಒಂದು ಮನೆ ಥರ ಆಯ್ತು" ಎಂದು ಬರೆದ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗುಂಪಿಗೆ ಯಾರು ಸೇರಬೇಕು, ಜಗಳ ಬಂದಾಗ ಯಾರ ಮಾತು ಅಳಿಸಬೇಕು, ಎಲ್ಲದಕ್ಕೂ ಜನ ಅನೀಸಾಳನ್ನೇ ಕೇಳುತ್ತಿದ್ದರು. ಎಲ್ಲರೂ ಒಂದೇ ಎಂದು ಶುರುವಾದ ಗುಂಪು ಅಷ್ಟರಲ್ಲೇ ಅನೀಸಾಳ ಗುಂಪಾಗಿತ್ತು.

ಮುಂದಿನ ವರ್ಷದ ರಂಜಾನ್ ಹಬ್ಬದ ಹಿಂದಿನ ದಿನ. ಒಂದನೇ ಮನೆಯವರು ಊರಿಗೆ ಹೋಗಿದ್ದರು. ಎರಡನೇ ಮನೆ ರಾಧಾಮಣಿಯದು. ಬೆಳಿಗ್ಗೆ ಐದೂವರೆಗೆ ಅವಳ ನಲ್ಲಿ ಗೊರಗೊರ ಎಂದಿತು. ಐದು ದಿನದಿಂದ ಎಲ್ಲರೂ ಕಾಯುತ್ತಿದ್ದ ನೀರು. ಅವಳು ಪೈಪು ಹಾಕಿ ಡ್ರಮ್ಮಿಗೆ ಬಿಟ್ಟು, ಫೋನು ಕೈಗೆತ್ತಿಕೊಂಡಳು. ಗುಂಪು ತೆಗೆದಳು. ಕೊನೆಯ ಮಾತು ಅನೀಸಾಳದು: "ನಾಳೆ ಹಬ್ಬ. ನೀರು ಕಂಡ ತಕ್ಷಣ ದಯವಿಟ್ಟು ತಿಳಿಸಿ." ಅದರ ಕೆಳಗೆ ಹದಿನಾಲ್ಕು ಜನ, ಖಂಡಿತ, ಖಂಡಿತ ಎಂದಿದ್ದರು.

ರಾಧಾಮಣಿ ಬರೆಯಲಿಲ್ಲ. ಫೋನನ್ನು ಮಗುಚಿ ಕಂಪ್ಯೂಟರಿನ ಪಕ್ಕದಲ್ಲಿಟ್ಟು ಡ್ರಮ್ಮು ತುಂಬುವುದನ್ನು ನೋಡುತ್ತಾ ನಿಂತಳು. ಆರೂವರೆಗೆ ನೀರು ನಿಂತಿತು. ಅಷ್ಟರೊಳಗೆ ಎದ್ದಿದ್ದ ಐದಾರು ಮನೆಯವರು ತುಂಬಿಕೊಂಡರು. ಬೇರೆ ಯಾರಾದರೂ ಹಾಕಿರುತ್ತಾರೆ ಎಂದು ಅವರಲ್ಲೂ ಒಬ್ಬೊಬ್ಬರು ಅಂದುಕೊಂಡು ಸುಮ್ಮನಾದರು. ದಿಣ್ಣೆಯ ಕಡೆಯ ಮನೆಗಳಿಗೆ ಒಂದು ಬಿಂದಿಗೆಯೂ ಸಿಗಲಿಲ್ಲ.

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಗೋಪಾಲಮ್ಮ ಬಂದು ನಿಂತಳು. ಸೊಂಟದಲ್ಲಿ ಖಾಲಿ ಬಿಂದಿಗೆ. ಅವಳು ಆ ಮನೆಗೆ ಬಂದದ್ದು ನಾಮಕರಣದ ನಂತರ ಅದೇ ಮೊದಲು.

"ಏನವ್ವಾ ರಾಧಮ್ಮ, ಇವತ್ತು ನೀರು ಬಂದಿತ್ತಾ?"

"ಇಲ್ವಲ್ಲ ಗೋಪಾಲಮ್ಮಾ. ಬಂದಿದ್ರೆ ಗ್ರೂಪಲ್ಲಿ ಹಾಕ್ತಿರ್ಲಿಲ್ವಾ?"

"ನಂಗೆ ಆ ಗುರ್ಪು ಗಿರ್ಪು ಎಲ್ ಗೊತ್ತಾಯ್ತದೆ. ಆ ಸಾಬರ ಉಡುಗಿ ಅನೀಸಾ ಐತಲ್ಲ, ಫೋನು ಬಂದೇಟ್ಗೆ ನಮ್ಮನೆಗಂಟ ನಡ್ಕಂಬಂದು ಯೋಳ್ತದೆ. ನಮ್ಮೋರು ಓದಮ್ಯಾಕೆ ಒಂದಿನಾನೂ ತಪ್ಸಿಲ್ಲ. ಇವತ್ತು ಅದೂ ಬರ್ಲಿಲ್ಲ. ಕೇಳಿದ್ರೆ ಅವಳಿಗೂ ಗೊತ್ತಿಲ್ವಂತೆ."

ರಾಧಾಮಣಿಗೆ ಇದು ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಇಡೀ ಬೀದಿಗೆ ನೀರಿನ ಹೊತ್ತು ಹೇಳುತ್ತಿದ್ದ ಹೆಂಗಸಿಗೆ ಈಗ ನೀರು ಯಾವಾಗ ಬರುತ್ತದೆಂದು ತಿಳಿಯುವ ದಾರಿಯೇ ಇಲ್ಲ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ತಾನು ನಂಬರು ಬರೆದುಕೊಳ್ಳದೆ ತಿರುಗಿ ಬಂದ ಮನೆಗೆ ಅನೀಸಾ ನೀರು ಬಂದಾಗಲೆಲ್ಲ ನಡೆದುಹೋಗುತ್ತಿದ್ದಳು.

"ಕೊಡಿ ಬಿಂದ್ಗೆ, ನಮ್ಮ ಡ್ರಮ್ಮಲ್ಲಿ ಹಳೇದು ಸ್ವಲ್ಪ ಇದೆ" ಎಂದು ಒಳಗೆ ಹೋದಳು. ಗೋಪಾಲಮ್ಮ ಹಿಂದೆಯೇ ಬಂದಳು. ಡ್ರಮ್ಮು ಅಂಚಿನ ತನಕ ತುಂಬಿತ್ತು. ಹಿತ್ತಲಿನ ಕಲ್ಲು ಇನ್ನೂ ಒದ್ದೆ. ಗೋಪಾಲಮ್ಮ ಡ್ರಮ್ಮಿನೊಳಗೆ ಬೆರಳಿಟ್ಟು ನೋಡಿದಳು.

"ತಣ್ಣಗೈತೆ" ಎಂದಳು. ಬಿಂದಿಗೆ ತುಂಬಿಸಿ ಸೊಂಟಕ್ಕಿಟ್ಟುಕೊಂಡು ದಿಣ್ಣೆಯ ಕಡೆ ನಡೆದಳು.

ಅನೀಸಾ ಸಂಜೆ ಮಕ್ಕಳನ್ನು ಕರೆದುಕೊಂಡು ಆರ್.ಟಿ. ನಗರದ ತವರಿಗೆ ಹೋಗಿ ಹಬ್ಬ ಮಾಡಿದಳು. ವಾಪಸು ಬಂದವಳು ಸ್ಟೀಲಿನ ಡಬ್ಬಿಯಲ್ಲಿ ಶಾವಿಗೆ, ಖರ್ಜೂರದ ಶೀರ್ ಖುರ್ಮಾ ತಂದು, "ಅಕ್ಕಾ, ನಮ್ಮ ಅಮ್ಮಿ ಮಾಡಿದ್ದು" ಎಂದು ಕೊಟ್ಟಳು. ರಾಧಾಮಣಿ ಅಷ್ಟನ್ನೂ ತಿಂದಳು. ಬಹಳ ರುಚಿಯಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಅವಳು ಮಾಡಿದ್ದನ್ನು ಗೋಪಾಲಮ್ಮ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಎರಡು ವರ್ಷ ರಾಧಾಮಣಿ ಆ ಮೌನವನ್ನು ಹೊತ್ತುಕೊಂಡು ಓಡಾಡಿದಳು. ನೀರು ಕಂಡ ಕೂಡಲೇ ಮೆಸೇಜು ಹಾಕುವುದನ್ನು ಮಾತ್ರ ಆಮೇಲೆ ಎಂದೂ ತಪ್ಪಿಸಲಿಲ್ಲ.

ಹದಿನೆಂಟರಲ್ಲಿ ಒಂದು ಕಂಪನಿಯವರು ಬಂದರು. ವಾಲ್ವುಗಳಿಗೆ ಸಣ್ಣ ಪೆಟ್ಟಿಗೆ ಕೂರಿಸುತ್ತಾರಂತೆ. ನೀರು ಹರಿದದ್ದು ಪೆಟ್ಟಿಗೆಗೆ ತಾನೇ ಗೊತ್ತಾಗಿ ಎಲ್ಲರ ಫೋನಿಗೂ ಬರುತ್ತದಂತೆ. ಸಮುದಾಯ ಭವನದಲ್ಲಿ ಮೀಟಿಂಗು ಇಟ್ಟರು. ಕಂಪನಿಯ ಅಂಗಿ ತೊಟ್ಟವನೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ: "ಮೇಡಂ, ಇನ್ಮೇಲೆ ನೀವು ಯಾರನ್ನೂ ಕೇಳ್ಬೇಕಾಗಿಲ್ಲ. ಯಾವ ಗ್ರೂಪೂ ಬೇಡ, ಅಡ್ಮಿನ್ನೂ ಬೇಡ. ಕಂಟ್ರೋಲ್ ಪೂರ್ತಿ ನಿಮ್ಮ ಕೈಯಲ್ಲೇ."

ಜನ ಚಪ್ಪಾಳೆ ತಟ್ಟಿದರು. ರಾಧಾಮಣಿ ಪಕ್ಕದಲ್ಲಿ ಕೂತಿದ್ದ ಅನೀಸಾಳ ಕಡೆ ನೋಡಿದಳು. ಆ ಹುಡುಗಿಯ ಮುಖ ಬಾಡಿ, ತುಟಿ ಬಿಗಿದಿತ್ತು. ಆ ಮುಖಭಾವ ಏನೆಂದು ಇಡೀ ಸಭೆಯಲ್ಲಿ ಗೊತ್ತಿದ್ದವಳು ರಾಧಾಮಣಿ ಒಬ್ಬಳೇ.

"ಉರೀತಿದೆಯಾ?" ಎಂದು ಮೆಲ್ಲಗೆ ಕೇಳಿದಳು.

"ಅಯ್ಯೋ, ಏನಿಲ್ಲ ಅಕ್ಕಾ" ಎಂದಳು ಅನೀಸಾ. ಆಮೇಲೆ ಎರಡು ಬೆರಳು ಹತ್ತಿರ ತಂದು ತೋರಿಸಿ, "ಥೋಡಾ ಥೋಡಾ" ಎಂದಳು.

ಇಬ್ಬರೂ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದರು. ಮೆಟ್ಟಿಲ ಮೇಲೆ ಕೂತು ರಾಧಾಮಣಿ ಆ ರಂಜಾನ್ ಬೆಳಗಿನ ಸಂಗತಿ ಹೇಳಿಬಿಟ್ಟಳು. ಅನೀಸಾಳ ನಗು ನಿಂತಿತು. "ನನ್ನ ಮಕ್ಳು ಸ್ನಾನ ಇಲ್ದೆ ಬಸ್ ಹತ್ತಿದ್ರು ಅಕ್ಕಾ ಅವತ್ತು" ಎಂದು ಎದ್ದುಹೋದಳು. ಒಂದೂವರೆ ತಿಂಗಳು ಅಂಗಡಿಯ ಕಡೆ ಬರಲಿಲ್ಲ. ಆಮೇಲೆ ಬಂದಳು, ಝೆರಾಕ್ಸಿಗೆ.

ಪೆಟ್ಟಿಗೆ ಬಂತು, ಫೋನುಗಳಿಗೆ ಕಂಪನಿಯ ಆ್ಯಪ್ ಬಂತು, ಗುಂಪು ತಣ್ಣಗಾಯಿತು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಎರಡು ಸಾವಿರದ ಹತ್ತೊಂಬತ್ತರ ಮೇ ತಿಂಗಳಲ್ಲಿ ಮೂರನೇ ಕ್ರಾಸಿಗೆ ಒಂಬತ್ತು ದಿನ ನೀರು ಬರಲಿಲ್ಲ. ಆ್ಯಪ್‌ನಲ್ಲಿ ಮಾತ್ರ ಎರಡು ಸಲ ಹಸಿರು ಗೆರೆ ಬಂದು, 'ಸರಬರಾಜು ಪೂರ್ಣ' ಎಂದಿತು. ದೂರು ಕೊಟ್ಟರೆ ಒಂದು ನಂಬರು ಬರುವುದು, ಸಂಜೆಗೆ 'ದೂರು ಇತ್ಯರ್ಥವಾಗಿದೆ' ಎಂದಾಗುವುದು. ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳುವುದು. ಬೈಕಿನವನನ್ನು ಅಡ್ಡಗಟ್ಟಿದರೆ, "ನಾನು ವಾಲ್ವು ತೆಗ್ದಿದ್ದೀನಿ, ಬೇಕಾದ್ರೆ ಆ್ಯಪ್ ನೋಡ್ಕೊಳಿ" ಎಂದ. ಹಿಂದೆ ನೀರು ಬರದಿದ್ದರೆ ಗೋಪಾಲಮ್ಮನನ್ನು ಬೈದುಕೊಳ್ಳಬಹುದಿತ್ತು, ರಾಧಾಮಣಿಯ ಮೇಲೆ ರೇಗಬಹುದಿತ್ತು. ಈಗ ಎದುರಿಗೆ ಒಂದು ಮುಖವೂ ಇರಲಿಲ್ಲ. ಬೀದಿಯ ಜನ ಟ್ಯಾಂಕರ್ ತರಿಸಿಕೊಂಡು ಒಬ್ಬರ ಮೇಲೊಬ್ಬರು ಸಿಡುಕುತ್ತಿದ್ದರು.

ಹತ್ತನೇ ದಿನ ಅನೀಸಾ, "ಅಕ್ಕಾ, ಗೋಪಾಲಮ್ಮನ್ನ ಕೇಳೋಣ" ಎಂದಳು. ರಾಧಾಮಣಿಗೂ ಅದೇ ಹೊಳೆದಿತ್ತು, ಹೇಳಲು ಬಾಯಿ ಬಂದಿರಲಿಲ್ಲ. ಇಬ್ಬರೂ ದಿಣ್ಣೆ ಹತ್ತಿದರು.

ಗೋಪಾಲಮ್ಮ ಎಲ್ಲ ಕೇಳಿಸಿಕೊಂಡು, "ನಾಕ್ನೇ ಕ್ರಾಸ್ಗೆ ಎಂಗೆ ಬತ್ತಾ ಐತೆ?" ಎಂದಳು.

"ಅಲ್ಲಿ ಜೋರಾಗಿ ಬರ್ತಿದೆಯಂತೆ."

"ಅಂಗಂದ್ರೆ ನಮ್ಮ ಕ್ರಾಸ್ಗೆ ಅಂತ ಇರೋ ಮರಿವಾಲ್ವು ಮುಚ್ಚವ್ರೆ. ಚರಂಡಿ ಕೆಲ್ಸದೋರು ಮುಚ್ಚಿರ್ಬೇಕು. ಬನ್ನಿ."

ಕೋಲೂರಿಕೊಂಡು ಬೀದಿಯ ಬಾಯಿಗೆ ಬಂದಳು. ಮೂರು, ನಾಲ್ಕನೇ ಕ್ರಾಸು ಎರಡಕ್ಕೂ ಸೇರಿದ ಮೇನ್ ರೋಡಿನ ವಾಲ್ವಿನ ಹತ್ತಿರ ಕಂಪನಿಯ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತಿತ್ತು. ಅವಳು ಅದರ ಕಡೆ ತಿರುಗಿಯೂ ನೋಡದೆ, ಕರೆಂಟ್ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ನಮ್ಮ ಕ್ರಾಸಿನ ಕಡೆ ಹೆಜ್ಜೆ ಎಣಿಸುತ್ತಾ ನಡೆದಳು. ಹದಿನೇಳನೇ ಹೆಜ್ಜೆಗೆ ನಿಂತು ಕೋಲು ಕುಟ್ಟಿದಳು. "ಇಲ್ಲಿ ಅಗೀರಿ. ನಮ್ಮೋರು ಇದನ್ನ ಕುಂತು ತಿರುಗಿಸ್ತಿದ್ರು. ನಾನು ಬುತ್ತಿ ತಂದು ಇಲ್ಲೇ ನಿಂತಿರ್ತಿದ್ದೆ."

ಅಲ್ಲಿ ಹೊಸ ಚರಂಡಿಯ ಜಲ್ಲಿ, ಮಣ್ಣು ಗುಡ್ಡೆ ಬಿದ್ದಿತ್ತು. ಸುಬ್ರಮಣಿ, ಮುಬಶ್ಶಿರ್ ಹಾರೆ ಹಿಡಿದರು. ಎರಡಡಿ ಅಗೆದಾಗ ತುಕ್ಕು ಹಿಡಿದ ಮುಚ್ಚಳ ಸಿಕ್ಕಿತು, ಅದರ ಕೆಳಗೆ ವಾಲ್ವು. ಹೊಸ ಚರಂಡಿ ತೋಡುವಾಗ ಗುತ್ತಿಗೆದಾರನ ಆಳುಗಳು ಅದನ್ನು ಬಿಗಿಯಾಗಿ ಮುಚ್ಚಿ ಮೇಲೆ ಮಣ್ಣೆಳೆದಿದ್ದರು. ಅಂಥದೊಂದು ವಾಲ್ವು ಇದೆಯೆಂದು ಬೈಕಿನವನಿಗೂ ಗೊತ್ತಿರಲಿಲ್ಲ, ಪೆಟ್ಟಿಗೆಗೂ ಗೊತ್ತಿರಲಿಲ್ಲ. ಮೇನ್ ವಾಲ್ವಿನಲ್ಲಿ ನೀರು ಹರಿದು ನಾಲ್ಕನೇ ಕ್ರಾಸಿಗೆ ಹೋದದ್ದನ್ನೇ ಅದು ನಮ್ಮ ಲೆಕ್ಕಕ್ಕೂ ಬರೆದುಕೊಂಡಿತ್ತು. ಸುಬ್ರಮಣಿ ವರ್ಕ್‌ಶಾಪಿನ ದೊಡ್ಡ ಸ್ಪ್ಯಾನರು ತಂದು ತಿರುಗಿಸಿದ. ನಾಲ್ಕನೇ ಸುತ್ತಿಗೆ ಪೈಪಿನೊಳಗೆ ಸದ್ದಾಯಿತು.

ಬೀದಿಯಲ್ಲಿ ಹಬ್ಬದಂತಾಯಿತು. ಗೋಪಾಲಮ್ಮನ ಸುತ್ತ ಜನ ನೆರೆದರು, ಕೈ ಹಿಡಿದರು, ಫೋಟೋ ತೆಗೆದರು. ಸತ್ತಂತಿದ್ದ ಗುಂಪಿನಲ್ಲಿ ಆ ಫೋಟೋಗೆ ಮೂವತ್ತಾರು ಜನ ಕೈಮುಗಿದರು. ರಾಧಾಮಣಿ ಎಣಿಸಿದಳು. ಅವಳ ಎದೆಯಲ್ಲಿ ಹತ್ತು ವರ್ಷದ ಹಳೆಯ ಉರಿ ಮತ್ತೆ ಹೊತ್ತಿಕೊಂಡಿತು. "ಇಷ್ಟು ವಯಸ್ಸಾದ್ರೂ ನನ್ನ ಬುದ್ಧಿ ಹೋಗ್ಲಿಲ್ಲ ನೋಡಿ" ಎಂದು ಅವತ್ತು ನನ್ನ ಕೈ ಹಿಡಿದು ಅತ್ತಳು.

ಮಾರನೆಯ ದಿನ ಅವಳು ಒಂದು ನೋಟ್‌ಬುಕ್ಕು ಹಿಡಿದು ತಾನೇ ದಿಣ್ಣೆಯ ಮನೆಗೆ ಹೋದಳು. ಗೋಪಾಲಮ್ಮನ ಪಕ್ಕದಲ್ಲಿ ಕೂತು, "ಎಲ್ಲೆಲ್ಲಿ ಯಾವ ವಾಲ್ವು ಇದೆ, ಎಲ್ಲ ಹೇಳಿ. ಬರ್ಕೊಳ್ತೀನಿ" ಎಂದಳು. ನಾಲ್ಕು ಮಧ್ಯಾಹ್ನ ಆ ಕೆಲಸ ನಡೆಯಿತು. ಅಬ್ಬಿಗೆರೆಯ ಆ ಭಾಗದಲ್ಲಿ ಹನ್ನೊಂದು ವಾಲ್ವು. ಕಂಬದಿಂದ ಇಷ್ಟು ಹೆಜ್ಜೆ, ಮೋರಿಯಿಂದ ಇಷ್ಟು ಹೆಜ್ಜೆ. ಒಂದು ದಿನ ಬರೆಸುತ್ತಿದ್ದವಳು ನಡುವೆ ನಿಲ್ಲಿಸಿ ಗೋಪಾಲಮ್ಮ ಹೇಳಿದಳು:

"ನೀನು ಆ ಮೆಸೇಜು ಸುರು ಮಾಡಿದ್ಯಲ್ಲ, ಆಗ ನಂಗೆ ಒಟ್ಟೆ ಉರ್ದೋಗಿತ್ತು ಕಣವ್ವ. ಈ ಬೀದಿಗೆ ಒಂದು ಸರ್ದಿ ನೀರು ಬಿಡಬ್ಯಾಡಿ ಅಂದಿದ್ದೆ ನಮ್ಮೋರ್ಗೆ."

"ಅವ್ರು ಏನಂದ್ರು?"

"ಏನೂ ಅನ್ಲಿಲ್ಲ. ಒತ್ತಾರೇಲೆ ಎದ್ದೋಗಿ ಬಿಟ್ಬಂದ್ರು."

ರಾಧಾಮಣಿ ಅಂಗಡಿಗೆ ಬಂದು ನಕ್ಷೆಯನ್ನು ಕಂಪ್ಯೂಟರಿನಲ್ಲಿ ಕೂರಿಸಿದಳು. ಬೀದಿಗಳು, ಕಂಬಗಳು, ಹನ್ನೊಂದು ಚುಕ್ಕೆ, ಪ್ರತಿ ಚುಕ್ಕೆಯ ಪಕ್ಕ ಹೆಜ್ಜೆಯ ಲೆಕ್ಕ. ಎಲ್ಲರ ಮನೆಯಲ್ಲೂ ಒಂದೊಂದು ಇರಲಿ, ಯಾರನ್ನೂ ಕೇಳುವ ಹಾಗಿರಬಾರದು ಎಂದು ನಲವತ್ತೊಂದು ಪ್ರತಿ ತೆಗೆಯಲು ಕೂತಳು. ಆ ಮಾತು ಮನಸ್ಸಿನಲ್ಲಿ ಬಂದಾಗ ಅವಳಿಗೇ ನಗು ಬಂತಂತೆ. ಆದರೂ ಆ ಆಸೆ ನಿಜವಾಗಿಯೇ ಬಂತು, ಮೊದಲ ಸಲ ಬಂದಷ್ಟೇ ಜೋರಾಗಿ. ಕೆಳಗೆ 'ಮಾಹಿತಿ: ಗೋಪಾಲಮ್ಮ' ಎಂದು ಹಾಕಿ, ಅದರ ಪಕ್ಕ 'ನಕ್ಷೆ: ರಾಧಾಮಣಿ' ಎಂದು ಹಾಕಿದಳು. ತನ್ನ ಹೆಸರು ಚೂರು ದಪ್ಪಗಿತ್ತು. ಅಳಿಸಿ ಎರಡನ್ನೂ ಒಂದೇ ಸಮ ಮಾಡಿದಳು.

ಮೊದಲ ಪ್ರತಿ ನೋಡಿದ ಅನೀಸಾ, "ಚೆನ್ನಾಗಿದೆ ಅಕ್ಕಾ" ಎಂದಳು. ಹೋಗಲಿಲ್ಲ, ಅಲ್ಲೇ ನಿಂತಿದ್ದಳು. "ನನ್ನ ಹೆಸ್ರು ಯಾಕಿಲ್ಲ? ಗೋಪಾಲಮ್ಮನ್ನ ಕೇಳೋಣ ಅಂದಿದ್ದು ನಾನಲ್ವಾ?"

"ಜಾಗ ಇರ್ಲಿಲ್ಲ" ಎಂದಳು ರಾಧಾಮಣಿ. ಕಾಗದದ ಕೆಳಗೆ ಅಂಗೈಯಷ್ಟು ಜಾಗ ಖಾಲಿಯಿತ್ತು.

ಅನೀಸಾ ಹೋದ ಮೇಲೆ ಅವಳು ಮತ್ತೆ ಕಂಪ್ಯೂಟರ್ ಹಾಕಿದಳು. ಮಾಹಿತಿ, ನಕ್ಷೆ ಎಂಬುದನ್ನೆಲ್ಲ ತೆಗೆದು ಮೂರು ಹೆಸರು ಬರೆದಳು. ಯಾರದು ಮೊದಲು ಎಂಬ ತಕರಾರು ಬೇಡವೆಂದು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದಳು. ಅನೀಸಾ, ಗೋಪಾಲಮ್ಮ, ರಾಧಾಮಣಿ. ತನ್ನದು ಕೊನೆಗೆ ಬಂದದ್ದು ಆಮೇಲೆ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತು, ಹಾಗೇ ಪ್ರಿಂಟ್ ಕೊಟ್ಟಳು.

ನಮ್ಮ ಮನೆಗೆ ಪ್ರತಿ ಕೊಡಲು ಬಂದಾಗ ಬಾಗಿಲಲ್ಲೇ ನಿಂತು, ಆ ಮೂರು ಹೆಸರಿನ ಮೇಲೆ ಬೆರಳಾಡಿಸುತ್ತಾ, "ಇದು ಅಕ್ಷರದ ಪ್ರಕಾರ ಹಾಕಿರೋದು ಕಣ್ರೀ, ಮತ್ತೇನಲ್ಲ" ಎಂದು ಎರಡು ಸಲ ಹೇಳಿಹೋದಳು.